ಏಳನೇ ಸದ್ದು

ಸದ್ದಿನ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಬರುವವರನ್ನು ಕಂಡರೆ ನನಗಾಗದು. ಮೊದಲೇ ಹೇಳಿಬಿಡುತ್ತೇನೆ, ನಾನು ಮುಂಗೋಪಿ. ರೇಡಿಯೊ, ಟೇಪ್ ರೆಕಾರ್ಡರು, ಸಭೆಯ ಮೈಕು, ನಾಣ್ಯ ಹಾಕಿ ಆಡುವ ಹಳೇ ಆಟದ ಪೆಟ್ಟಿಗೆ, ಏನೇ ಕೆಟ್ಟು ಬರಲಿ, ನಾನು ಮಾಡುವ ಮೊದಲ ಕೆಲಸ ಕಣ್ಣು ಮುಚ್ಚಿ ಕಿವಿ ಇಡುವುದು. ಗುಂಯ್ ಅಂದರೆ ಕರೆಂಟಿನ ಕಡೆಯ ದೋಷ. ಕರಕರ ಅಂದರೆ ವಾಲ್ಯೂಮಿನ ತಿರುಗುಣಿಯಲ್ಲಿ ಕೊಳೆ. ಪರಪರ ಅಂದರೆ ಸ್ಪೀಕರಿನ ಕಾಗದ ಹರಿದಿದೆ. ಬೇರೆಯವರು ಅರ್ಧ ದಿನ ತಂತಿ ಚುಚ್ಚಿ ನೋಡುವುದನ್ನು ನಾನು ಒಂದು ಲೋಟ ಚಹಾ ಮುಗಿಯುವುದರೊಳಗೆ ಹೇಳುತ್ತಿದ್ದೆ. ಅದಕ್ಕೇ ಬೀದಿಯವರು ನನ್ನನ್ನು ಕಿವಿಯಣ್ಣ ಎಂದು ಕರೆಯುವುದು.

ಅಳಿಯ ಒಮ್ಮೆ ಪ್ರೀತಿಯಿಂದ ಒಂದು ಮುಳ್ಳಿನ ಮೀಟರು ತಂದುಕೊಟ್ಟಿದ್ದ. ‘ಮೀಟರು ಇರೋದು ಕಿವುಡರಿಗೆ, ಅಳಿಯಂದ್ರೇ’ ಎಂದು ನಕ್ಕು ಅದನ್ನು ಡಬ್ಬಿ ಸಮೇತ ಮೇಲಿನ ಹಲಗೆಗೆ ಏರಿಸಿದ್ದೆ. ಮಗಳು ಆ ಮಾತಿಗೆ ಒಂದು ವಾರ ಮುಖ ಊದಿಸಿಕೊಂಡಿದ್ದಳು.

ನನ್ನ ರಿಪೇರಿ ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಹಿಂದೆ ಅಡುಗೆಮನೆ, ನಡುವೆ ಒಂದು ಬಾಗಿಲು. ಈಚೆಗೆ ನನ್ನ ಹೆಂಡತಿಗೆ ಗೋಡೆಯ ಕಡೆ ಮುಖ ಮಾಡಿ ಗೊಣಗುವ ಅಭ್ಯಾಸ ಬಂದುಬಿಟ್ಟಿದೆ. ಏನಂದೆ ಎಂದು ಕೇಳಿದರೆ ನನ್ನದು ಜಾಣಕಿವುಡು ಎಂದು ನನ್ನನ್ನೇ ಬೈಯುತ್ತಾಳೆ. ವಯಸ್ಸಾದ ಮೇಲೆ ಹೆಂಗಸರ ಮಾತು ಮೆತ್ತಗಾಗುತ್ತದೆ ಎಂದು ನಾನು ಸುಮ್ಮನಾಗುತ್ತಿದ್ದೆ.

ಆಟದಂಗಡಿಯ ಅಕ್ಕ ಒಂದು ಹಳೇ ಆಟದ ಪೆಟ್ಟಿಗೆಯನ್ನು ತಳ್ಳುಗಾಡಿಯಲ್ಲಿ ಹೇರಿಸಿಕೊಂಡು ಬಂದದ್ದು ಒಂದು ಸೋಮವಾರ. ವಯಸ್ಸಿನಲ್ಲಿ ಅವರು ನನಗಿಂತ ಚಿಕ್ಕವರೇ. ಆದರೆ ಬಸ್ ನಿಲ್ದಾಣದ ಹಿಂದಿನ ಆಟದಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಎರಡು ತಲೆಮಾರಿನ ಮಕ್ಕಳಿಗೆ ಚಿಲ್ಲರೆ ಕೊಟ್ಟವರು, ಬೀದಿಗೆಲ್ಲ ಅಕ್ಕ, ನನಗೂ ಅಕ್ಕ. ಆಟಗಳೆಲ್ಲ ಮಕ್ಕಳ ಮೊಬೈಲಿಗೆ ಹೋದ ಮೇಲೆ ಅಂಗಡಿ ಮುಚ್ಚಿತ್ತು. ಈಗ ಕಟ್ಟಡವನ್ನೇ ಕೆಡವುತ್ತಾರಂತೆ. ಉಳಿದ ಪೆಟ್ಟಿಗೆಗಳನ್ನೆಲ್ಲ ಗುಜರಿಯವನು ಒಯ್ದಿದ್ದ. ಇದೊಂದನ್ನು, ಕಾಡು ದಾಟುವ ಆಟದ ಪೆಟ್ಟಿಗೆಯನ್ನು, ಅಕ್ಕ ಉಳಿಸಿಕೊಂಡಿದ್ದರು.

‘ಶನಿವಾರ ಇದನ್ನೂ ತಗೊಂಡು ಹೋಗ್ತಾರೆ ಅಣ್ಣಾ’ ಎಂದರು. ‘ಹಳೇ ಪೆಟ್ಟಿಗೆ ಕೂಡಿಡೋರು ಯಾರೋ ಇದ್ದಾರೆ, ದೂರದೋರು. ನಮ್ಮನೆ ಮೆಟ್ಟಿಲಲ್ಲಿ ಇದು ಹತ್ತಲ್ಲ, ಇಲ್ಲಾಂದ್ರೆ ಕೊಡ್ತಿರ್ಲಿಲ್ಲ. ಹೋಗೋಕ್ಕೆ ಮುಂಚೆ ಒಂದೇ ಒಂದು ಸಲ ಆ ಹಕ್ಕಿ ಕೂಗು ಕೇಳಿಸಿ. ಬಟನ್ ಹಾಕಿದ್ರೆ ಬರೀ ಗುಂಯ್ ಅನ್ನುತ್ತೆ.’

ಯಾಕೆಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಅಕ್ಕನ ತಮ್ಮ ಹುಟ್ಟಿನಿಂದ ಮೂಗ. ಕಿವಿ ಚುರುಕು, ಬಾಯಲ್ಲಿ ಮಾತಿಲ್ಲ. ಪೆಟ್ಟಿಗೆಗಳನ್ನು ಒರೆಸಿ, ಸಿಕ್ಕಿಕೊಂಡ ನಾಣ್ಯ ಬಿಡಿಸಿ, ಜಗಳವಾಡುವ ಹುಡುಗರ ಕಾಲರು ಹಿಡಿದು ಹೊರಗೆ ಹಾಕುವುದು ಅವನ ಕೆಲಸವಾಗಿತ್ತು. ಕಾಡಿನ ಆಟದಲ್ಲಿ ಬೇಟೆಗಾರ ಹುಲಿ, ಹಾವು, ಉರುಳುವ ಬಂಡೆ ಎಲ್ಲ ದಾಟಿ ಕೊನೆಯ ಮರ ಮುಟ್ಟಿದರೆ ಪರದೆಯ ಮೇಲ್ತುದಿಯಲ್ಲಿ ಒಂದು ಹಳದಿ ಹಕ್ಕಿ ಹಾರಿ ಬಂದು ಮೂರು ಸಲ ಸಣ್ಣಗೆ ಕೂಗುತ್ತದೆ. ಅದು ಕೂಗಿದಾಗಲೆಲ್ಲ ಇವನು ಅಂಗಡಿಯ ಯಾವ ಮೂಲೆಯಲ್ಲಿದ್ದರೂ ಶಿಳ್ಳೆ ಹಾಕಿ ಉತ್ತರ ಕೊಡುತ್ತಿದ್ದ. ಯಾವುದು ಹಕ್ಕಿ ಯಾವುದು ಇವನು ಎಂದು ಹೇಳಲಾಗುತ್ತಿರಲಿಲ್ಲ. ಇವನು ಹಕ್ಕಿಯಿಂದ ಕಲಿತನೋ, ಹಕ್ಕಿ ಇವನಿಂದ ಕಲಿಯಿತೋ ಎಂದು ನಾವು ರೇಗಿಸುತ್ತಿದ್ದೆವು. ಹೀಗಾಗಿ ಅವನ ಹೆಸರೇ ಶಿಳ್ಳೆ ಎಂದಾಯಿತು. ಹೋದ ಚಳಿಗಾಲದಲ್ಲಿ, ಶ್ವಾಸಕೋಶದ ಕಾಯಿಲೆಯಿಂದ, ಹೋಗಿಬಿಟ್ಟ.

‘ಫೋಟೊ ಇದೆ, ಅವನ ಅಂಗಿಗಳಿವೆ. ದನಿ ಅಂತ ಎಲ್ಲೂ ಇಲ್ಲ’ ಎಂದರು ಅಕ್ಕ, ಪೆಟ್ಟಿಗೆಯ ಧೂಳನ್ನು ಬೆರಳಲ್ಲಿ ಒರೆಸುತ್ತ. ‘ಯಾರೂ ಮೊಬೈಲಲ್ಲಿ ಹಿಡಿದಿಟ್ಕೊಳ್ಲಿಲ್ಲ. ಮಾತಾಡದೇ ಇರೋನಿಗೆ ಫೋನ್ ಮಾಡೋರು ಯಾರು? ಈ ಹಕ್ಕೀನಾದ್ರೂ ಹಿಡಿದಿಟ್ಕೊಳ್ತೀನಿ.’

‘ಹಕ್ಕಿ ಕೂಗುತ್ತೆ ಅಕ್ಕಾ. ನನ್ನ ಕೈಲಿ ಕೂಗದೆ ಇನ್ಯಾರ ಕೈಲಿ ಕೂಗುತ್ತೆ?’ ಎಂದೆ. ಆಡಿದ ಮಾತು ಆಡಿಯಾಗಿತ್ತು. ಬಾಯಿ ನನ್ನದು ಯಾವತ್ತೂ ಹೀಗೇ.

ಶಿಳ್ಳೆ ನನ್ನ ಗೆಳೆಯ. ಗೆಳೆಯನಾಗಿದ್ದ ಅನ್ನಬೇಕು, ಯಾಕೆಂದರೆ ಸಾಯುವುದಕ್ಕೆ ಒಂದೆರಡು ವರ್ಷ ಮೊದಲೇ ಅವನು ನನ್ನನ್ನು ಬಿಟ್ಟಿದ್ದ. ಹಾಗೆಂದೇ ನಾನು ತಿಳಿದಿದ್ದೆ. ಮೊದಲೆಲ್ಲ ಸಂಜೆಯಾದರೆ ಎದುರು ಬದಿಯ ಚಹಾದಂಗಡಿಯ ಮುಂದೆ ನಿಂತು ಮೂರು ಸಲ ಶಿಳ್ಳೆ ಹಾಕುತ್ತಿದ್ದ. ನಾನು ಕೈಯಲ್ಲಿದ್ದ ಬೆಸುಗೆ ಕಡ್ಡಿ ಇಟ್ಟು ಎದ್ದು ಹೋಗುತ್ತಿದ್ದೆ. ಚಹಾ ಕುಡಿದು ಅರ್ಧ ಗಂಟೆ ಕೂರುತ್ತಿದ್ದೆವು, ನಾನು ಮಾತಾಡುತ್ತಿದ್ದೆ, ಅವನು ತಲೆಯಾಡಿಸುತ್ತಿದ್ದ. ನನ್ನ ಕೋಪಕ್ಕೆ ಎದುರು ಮಾತಾಡದ ಒಬ್ಬನೇ ಮನುಷ್ಯ ಅವನು ಎಂದು ಹೆಂಡತಿ ನಗುತ್ತಿದ್ದಳು. ಆಮೇಲೆ ಯಾಕೋ ಶಿಳ್ಳೆ ನಿಂತುಹೋಯಿತು. ಬಂದರೆ ರಸ್ತೆಯ ಆಚೆ ನಿಂತು ಎರಡೂ ಕೈ ಎತ್ತಿ ಕಾಗೆ ಓಡಿಸುವವನ ಹಾಗೆ ಬೀಸುತ್ತಿದ್ದ. ಜನ ನೋಡಿ ನಗುತ್ತಿದ್ದರು. ಶಿಳ್ಳೆ ಹಾಕಲು ನಾನೀಗ ಲಾಯಕ್ಕಿಲ್ಲವೇ, ನನ್ನನ್ನು ಆಡಿಕೊಳ್ಳುತ್ತಿದ್ದಾನೆಯೇ ಎಂದು ನನಗೆ ಉರಿದುಹೋಗುತ್ತಿತ್ತು. ಕೆಲವು ದಿನ ಹೋದೆ, ಕೆಲವು ದಿನ ಕಂಡರೂ ಕಾಣದ ಹಾಗೆ ತಲೆ ತಗ್ಗಿಸಿದೆ. ಆಸ್ಪತ್ರೆಗೆ ಸೇರಿಸಿದಾಗ ಒಂದು ಸಲ ನೋಡಿಕೊಂಡು ಬಂದೆ. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಏನೋ ಎರಡು ಮಾತಾಡಿ ಎದ್ದೆ. ಮನಸ್ಸಿನಲ್ಲಿ ಮುನಿಸು ಇದ್ದೇ ಇತ್ತು. ಅದು ಅವನು ಸತ್ತ ಮೇಲೂ ಹೋಗಿರಲಿಲ್ಲ. ಸತ್ತವನ ಮೇಲೆ ಮುನಿಸಿಕೊಂಡರೆ ರಾಜಿ ಮಾಡಿಸುವವರು ಯಾರೂ ಇರುವುದಿಲ್ಲ.

ಇರಲಿ. ಪೆಟ್ಟಿಗೆಯ ಹಿಂಬಾಗಿಲು ತೆಗೆದೆ. ಇಲಿಗಳು ಒಳಗೆ ಸಂಸಾರ ಹೂಡಿ ಎದ್ದು ಹೋಗಿದ್ದವು. ಸ್ಪೀಕರಿನ ಕಾಗದವನ್ನು ಅಂಚಿನಿಂದ ಅಂಚಿಗೆ ತಿಂದಿದ್ದವು. ಗುಂಯ್ ಎನ್ನುವುದಕ್ಕೆ ಕಾರಣ ಕರೆಂಟು ಸೋಸುವ ದಪ್ಪ ಕಂಡೆನ್ಸರು, ತಲೆ ಉಬ್ಬಿ ಒಳಗಿನ ರಸ ಸೋರಿತ್ತು. ಅದನ್ನು ಕಿತ್ತು ಹೊಸದನ್ನು ಬೆಸೆದೆ, ಗುಂಯ್ ನಿಂತಿತು. ಸ್ಪೀಕರು ಬದಲಾಯಿಸಿದೆ. ವಾಲ್ಯೂಮಿನ ತಿರುಗುಣಿ ಬಿಚ್ಚಿ ಕೊಳೆ ತೊಳೆದೆ, ಕರಕರ ನಿಂತಿತು. ಸರ್ಕ್ಯೂಟ್ ಬೋರ್ಡಿನ ಅಂಚಿನ ಲೋಹದ ಹಲ್ಲುಗಳು ಕಪ್ಪಗಾಗಿದ್ದವು, ಅವನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಬೆಳ್ಳಗೆ ಮಾಡಿದೆ. ಆ ಕಾಲದ ಬೋರ್ಡುಗಳಲ್ಲಿ ಒಂದು ಉಪಕಾರವಿದೆ. ಒಳಗೊಂದು ಪರೀಕ್ಷೆಯ ಬಟನ್ ಇರುತ್ತದೆ, ಒತ್ತಿದರೆ ಆಟ ಆಡದೆಯೇ ಒಂದೊಂದೇ ಸದ್ದು ಬರುತ್ತದೆ, ಪರದೆಯ ಮೇಲೆ ಅದರ ಸಂಖ್ಯೆ ಕಾಣುತ್ತದೆ. ಒಂದು, ಬೇಟೆಗಾರನ ಹೆಜ್ಜೆ. ಎರಡು, ಜಿಗಿತ. ಹೀಗೆ ಹುಲಿ, ಹಾವು, ನೀರು. ಆರು, ಬಂಡೆ ಉರುಳುವುದು; ಕೋಣೆಯ ಕಿಟಕಿ ಗಡಗಡ ಅಂದಿತು. ಏಳು, ಹಕ್ಕಿ.

ಏಳರಲ್ಲಿ ಸದ್ದಿಲ್ಲ.

ಮತ್ತೆ ಒತ್ತಿದೆ. ಪರದೆಯ ಮೇಲೆ ಏಳು ಬರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಎಂಟು ಬಂದರೆ ಬೇಟೆಗಾರ ಸಾಯುವ ಸದ್ದು ಧೊಪ್ಪನೆ ಬೀಳುತ್ತದೆ. ನಡುವೆ ಮಾತ್ರ ಮೌನ. ಆ ಹಳೇ ಬೋರ್ಡಿನಲ್ಲಿ ಪ್ರತಿ ಸದ್ದಿಗೂ ಬೇರೆ ಬೇರೆ ಮನೆ. ಹಕ್ಕಿಯ ಗೂಡೂ ಬೇರೆ, ಐಸಿ ಎಂಬ ಒಂದು ಸಣ್ಣ ಕಪ್ಪು ಚಿಪ್ಪು, ಸುತ್ತ ನಾಲ್ಕಾರು ಬಿಡಿಭಾಗ. ಅವೆಲ್ಲವನ್ನೂ ಒಂದೊಂದಾಗಿ ಬದಲಾಯಿಸಿದೆ. ಹಳೇ ಐಸಿಯನ್ನು ಕಿತ್ತು ತಟ್ಟೆಗೆ ಹಾಕಿ, ಹೊಸದನ್ನು ಹುಡುಕಿ ತಂದು ಕೂರಿಸಿದೆ. ಏಳು ಒತ್ತಿದೆ, ಕಣ್ಣು ಮುಚ್ಚಿದೆ, ಕಿವಿಯನ್ನು ಸ್ಪೀಕರಿಗೇ ಅಂಟಿಸಿದೆ. ಇಲ್ಲ. ಮೂರು ದಿನ ಏಳು, ಏಳು, ಏಳು ಎಂದು ಒತ್ತಿ ಒತ್ತಿ ಬೆರಳು ನೋವು ಬಂತು.

ಗುರುವಾರ ಮಧ್ಯಾಹ್ನ ಅಡುಗೆಮನೆಯಿಂದ ಹೆಂಡತಿ ಏನೋ ಕೂಗಿದಳು.

‘ಏನು?’

‘ಅಕ್ಕಿ ಸಾಕೂ ಅಂದೆ!’

ಒಳ್ಳೆಯದಾಯಿತು, ದಿನಸಿ ಅಂಗಡಿಗೆ ಹೋಗುವುದು ತಪ್ಪಿತು ಎಂದುಕೊಂಡು ಮತ್ತೆ ಏಳು ಒತ್ತಿದೆ. ಅವಳು ಬಾಗಿಲನ್ನು ಯಾಕೆ ಅಷ್ಟು ಜೋರಾಗಿ ಹಾಕಿಕೊಂಡಳೋ ಆಗ ತಿಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಸೋಲೊಪ್ಪಿಕೊಂಡೆ. ನನ್ನ ಕಸುಬಿನಲ್ಲಿ ನಾನು ಹಾಗೆ ಒಪ್ಪಿಕೊಂಡದ್ದು ತೀರಾ ಅಪರೂಪ. ಅಕ್ಕನಿಗೆ ಹೇಳಿಕಳಿಸಿದೆ. ಬಂದರು, ಚೆನ್ನಾಗಿ ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟುಕೊಂಡು ಬಂದಿದ್ದರು, ಯಾರನ್ನೋ ನೋಡಲು ಹೊರಟವರ ಹಾಗೆ. ಕೈಯಲ್ಲಿ ಮೊಬೈಲು ಸಿದ್ಧವಾಗಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು.

‘ಕೂತ್ಕೊಳ್ಳಿ ಅಕ್ಕಾ. ಬೇಜಾರು ಮಾಡ್ಕೋಬೇಡಿ. ಎಲ್ಲಾ ಸರಿಹೋಯ್ತು, ಹಕ್ಕಿ ಒಂದು ಬರ್ಲಿಲ್ಲ. ನನ್ನ ಮಾತು ನಂಬ್ತೀರೋ ಇಲ್ವೋ ಅಂತ ನಿಮ್ಮೆದುರಿಗೇ ತೋರಿಸ್ತೀನಿ.’

ಬಟನ್ ಒತ್ತುತ್ತ ಹೋದೆ. ಹೆಜ್ಜೆ, ಜಿಗಿತ, ಹುಲಿ, ಹಾವು, ನೀರು, ಬಂಡೆ. ಪರದೆಯ ಮೇಲೆ ಏಳು ಬಂತು. ನಾನು ಅಕ್ಕನ ಮುಖ ನೋಡಿದೆ. ಅವರು ಕೂತಿದ್ದವರು ಎದ್ದು ನಿಂತರು. ಕೈ ಪೆಟ್ಟಿಗೆಯ ಪಕ್ಕದ ಹಲಗೆಯ ಮೇಲೆ ಹೋಯಿತು. ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

‘ನೋಡಿದ್ರಲ್ಲ ಅಕ್ಕಾ. ಹಕ್ಕಿ ಸತ್ತುಹೋಗಿದೆ’ ಎಂದೆ. ‘ನನ್ನ ಕೈಲಾದ್ದೆಲ್ಲ ಮಾಡ್ದೆ.’

‘ಇನ್ನೊಂದ್ಸಲ ಹಾಕಿ.’

‘ಬರೋದೇ ಇಲ್ಲ ಅಂದ್ಮೇಲೆ ಇನ್ನೊಂದ್ಸಲ ಏನು ಕೇಳ್ತೀರಿ?’

‘ಹಾಕಿ ಅಣ್ಣಾ.’

ಹಾಕಿದೆ. ಏಳು. ಅಕ್ಕ ಕಣ್ಣು ಮುಚ್ಚಿದ್ದರು, ತುಟಿಯ ಕೊನೆಯಲ್ಲಿ ನಗು ಬಂದಿತ್ತು. ಕಣ್ಣು ತೆರೆದು ನನ್ನನ್ನು ನೋಡಿದರು. ನಗು ಮೆಲ್ಲಗೆ ಆರಿತು.

‘ಅಣ್ಣಾ, ಈಗ ಕೂಗ್ತಲ್ಲ’ ಎಂದರು. ‘ಎರಡು ಸಲಾನೂ ಕೂಗ್ತು.’

ನನಗೆ ಸಿಟ್ಟು ನೆತ್ತಿಗೇರಿತು. ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾರೆ ಎನಿಸಿತು. ‘ನನ್ನ ಕಿವಿಗೆ ಹೂ ಇಡ್ಬೇಡಿ ಅಕ್ಕಾ. ದುಃಖದಲ್ಲಿ ಇರೋರಿಗೆ ಇಲ್ಲದ್ದೂ ಕೇಳಿಸುತ್ತೆ. ತಾಳಿ’ ಎಂದು ಒಳಗಿನ ಕಡೆ ತಿರುಗಿ ಹೆಂಡತಿಯನ್ನು ಕೂಗಿದೆ. ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ‘ನೀನೇ ಹೇಳು. ಇದರಲ್ಲಿ ಏನಾದ್ರೂ ಸದ್ದಿದೆಯಾ?’ ಎಂದು ಏಳು ಒತ್ತಿದೆ.

‘ಹಕ್ಕಿ ತಾನೇ?’ ಎಂದಳು. ‘ಮೂರು ದಿನದಿಂದ ಕೂಗಿ ಕೂಗಿ ನನ್ನ ತಲೆ ತಿಂದಿದೆ. ಹಕ್ಕಿ ಸಾಕೂ, ನಿಲ್ಸಿ ಅಂತ ಅಡುಗೆಮನೆಯಿಂದ ಗಂಟಲು ಹರಿಯೋ ಹಾಗೆ ಕೂಗಿದ್ನಲ್ಲ. ಮತ್ತೂ ಒತ್ತಿದ್ರಿ. ಬೇಕೂಂತ್ಲೇ ಮಾಡ್ತೀರಾ ಅಂತ ಬಾಗಿಲು ಹಾಕ್ಕೊಂಡೆ.’

ಹಕ್ಕಿ ಸಾಕು. ಅಕ್ಕಿ ಸಾಕು. ಸ್ಟೂಲು ಎಳೆದುಕೊಂಡು ಹತ್ತಿ, ಮೇಲಿನ ಹಲಗೆಯಿಂದ ಅಳಿಯ ಕೊಟ್ಟ ಡಬ್ಬಿ ಇಳಿಸಿದೆ. ಧೂಳು ಒರೆಸುವ ಸಹನೆಯೂ ಇರಲಿಲ್ಲ. ಮೀಟರಿನ ಎರಡು ತಂತಿಯನ್ನು ಸ್ಪೀಕರಿನ ಎರಡು ಕಾಲಿಗೆ ಸಿಕ್ಕಿಸಿದೆ. ಆರು ಒತ್ತಿದೆ. ಬಂಡೆ ಉರುಳಿತು, ಮುಳ್ಳು ಧಡಕ್ಕನೆ ಎದ್ದಿತು. ಸರಿಯಾಗಿದೆ. ಏಳು ಒತ್ತಿದೆ. ಕೋಣೆಯಲ್ಲಿ ಏನೂ ಇಲ್ಲ, ನನಗೆ ಏನೂ ಇಲ್ಲ, ಆದರೆ ಮುಳ್ಳು ಎದ್ದು ಮಲಗಿತು, ಎದ್ದು ಮಲಗಿತು, ಎದ್ದು ಮಲಗಿತು.

ಹೆಂಡತಿ ಮೀಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟಳು. ಒದ್ದೆ ಕೈ, ಅಂಗಿ ತಣ್ಣಗಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಎಷ್ಟು ಜನ ರಿಪೇರಿಯವರನ್ನು ನಾನು ಆಡಿಕೊಂಡಿದ್ದೇನೋ ಲೆಕ್ಕವಿಲ್ಲ. ದಪ್ಪ ಸದ್ದು ಹಿಡಿಯುವ ನನ್ನ ಕಿವಿ ಸಣ್ಣ ಸದ್ದನ್ನು ಬಿಟ್ಟುಬಿಟ್ಟಿತ್ತು, ನಾನು ಮೂರು ದಿನ ಒಂದು ನಿರಪರಾಧಿ ಬೋರ್ಡನ್ನು ಕೆದಕಿ ಕೆದಕಿ ಇಟ್ಟಿದ್ದೆ.

ಅಕ್ಕನ ಮೊಬೈಲು ಕೈಯಲ್ಲೇ ಇತ್ತು. ಸ್ಟೂಲನ್ನು ನನ್ನೆದುರಿಗೆ ಎಳೆದುಕೊಂಡು ಕೂತರು.

‘ಅಣ್ಣಾ, ಅವನು ರಸ್ತೆ ಆಚೆಯಿಂದ ಕೈ ಬೀಸ್ತಿದ್ದ, ನೆನಪಿದೆಯಾ?’

‘ಕಾಗೆ ಓಡಿಸೋ ಹಾಗೆ’ ಎಂದೆ.

‘ಅದಕ್ಕೆ ಮುಂಚೆ ಎಷ್ಟೋ ದಿನ ಅಲ್ಲೇ ನಿಂತು ಶಿಳ್ಳೆ ಹಾಕಿದಾನೆ. ನೀವು ಬರ್ಲಿಲ್ಲ. ಒಂದಿನ ಮನೆಗೆ ಬಂದು ನಿಮ್ಮ ಅಂಗಡಿ ಕಡೆ ಬೆರಳು ತೋರಿಸ್ದ. ಆಮೇಲೆ ಕಿವಿ ಮುಟ್ಕೊಂಡು, ಹೀಗೆ, ಇಲ್ಲ ಅಂತ ಕೈಯಾಡಿಸ್ದ.’ ಅಕ್ಕ ಮಾಡಿ ತೋರಿಸಿದರು. ‘ಕೇಳಲ್ಲ ಅಂತ ನಾನು ಅಂದ್ಕೊಂಡೆ. ನಿನ್ನ ಮಾತು ಕೇಳಲ್ವಾ, ಬಿಡು, ದೊಡ್ಡ ಮನುಷ್ಯ ಆಗ್ಬಿಟ್ಟ ಅವನು ಅಂದೆ. ಅಲ್ಲ ಅಲ್ಲ ಅಂತ ತಲೆ ಕೊಡವಿದ, ಮತ್ತೆ ಮತ್ತೆ ಕಿವಿ ಮುಟ್ಟಿ ತೋರಿಸ್ದ. ಸರಿ ಮಾರಾಯಾ, ಕೇಳಲ್ಲ, ಗೊತ್ತಾಯ್ತು ಅಂತ ಒಳಗೆ ಹೋದೆ. ಆಮೇಲೇ ಅವನು ಕೈ ಬೀಸೋಕ್ಕೆ ಶುರು ಮಾಡಿದ್ದು.’

ಕೇಳಲ್ಲ. ನಮ್ಮ ಮಾತಿನಲ್ಲಿ ಅದಕ್ಕೂ ಇದಕ್ಕೂ ಒಂದೇ ಶಬ್ದ. ಲೆಕ್ಕಿಸದವನೂ ಕೇಳುವುದಿಲ್ಲ, ಕಿವುಡನೂ ಕೇಳುವುದಿಲ್ಲ. ಬಾಯಿ ಇದ್ದ ನಾವಿಬ್ಬರೂ ತಪ್ಪು ತಿಳಿದೆವು. ಮಾತು ಬಾರದವನು ಸರಿಯಾಗಿ ಹೇಳಿದ್ದ. ನನ್ನ ಹೆಂಡತಿಗಿಂತ ಮೊದಲು, ನನಗಿಂತ ಮೊದಲು ಅವನಿಗೆ ಗೊತ್ತಾಗಿತ್ತು. ಗೊತ್ತಾದ ಮೇಲೆ ಅವನು ನನ್ನನ್ನು ಬಿಟ್ಟಿರಲಿಲ್ಲ. ನನಗೆ ಕಾಣುವ ಹಾಗೆ ಕರೆಯುತ್ತಿದ್ದ, ಅಷ್ಟೆ. ನಾನು ತಲೆ ತಗ್ಗಿಸಿ ಕೂತಿದ್ದೆ.

‘ಇನ್ನೊಂದು ಹೇಳ್ಲೋ ಬೇಡ್ವೋ ಗೊತ್ತಾಗ್ತಿಲ್ಲ’ ಎಂದರು ಅಕ್ಕ.

‘ಹೇಳಿ.’

‘ಆಸ್ಪತ್ರೆಗೆ ಬಂದಿದ್ರಲ್ಲ. ನೀವು ಎದ್ದು ಬಾಗಿಲ ಹತ್ರ ಹೋದಾಗ ಅವನು ಶಿಳ್ಳೆ ಹಾಕ್ದ. ಉಸಿರೇ ಇರ್ಲಿಲ್ಲ ಅವನಿಗೆ, ಆದ್ರೂ ಹಾಕ್ದ. ಮೂರು ಸಲ. ನರ್ಸಮ್ಮ ಕೂಡ ಹಕ್ಕಿ ಎಲ್ಲಿ ಬಂತು ಅಂತ ಕಿಟಕಿ ನೋಡಿದ್ಲು. ನೀವು ತಿರುಗ್ಲಿಲ್ಲ. ನನಗೆ ನಿಮ್ಮ ಮೇಲೆ ತುಂಬಾ ಕೋಪ ಬಂದಿತ್ತು ಅಣ್ಣಾ. ಅವನಿಗೆ ಬರ್ಲಿಲ್ಲ. ನನ್ನ ಕೈ ಹಿಡಿದು ಮತ್ತೆ ಅದೇ, ಕಿವಿ ಮುಟ್ಕೊಂಡು ತೋರಿಸ್ದ.’

ನಾನು ಅತ್ತೆ. ಹೆಂಡತಿಯ ಎದುರು, ಅಕ್ಕನ ಎದುರು, ರಸ್ತೆಗೆ ಬಾಗಿಲು ತೆರೆದಿದ್ದ ಅಂಗಡಿಯಲ್ಲಿ ಕೂತು ಅತ್ತೆ. ನಾಚಿಕೆಯಾಗಲಿಲ್ಲ. ಅಕ್ಕ ತಮ್ಮನ ದನಿಯನ್ನು ಮೊಬೈಲಿನಲ್ಲಿ ಹಿಡಿದುಕೊಂಡರು, ಅದಕ್ಕಾಗಿ ನಾನೇ ಐದಾರು ಸಲ ಏಳು ಒತ್ತಿದೆ. ಹಿಡಿದದ್ದು ಸರಿಯಾಗಿದೆಯೇ ಎಂದು ಅವರು ಮೊಬೈಲನ್ನು ಕಿವಿಗಿಟ್ಟು ನೋಡಿಕೊಂಡರು. ಅವರ ಮುಖ ನೋಡಿ, ಸರಿಯಾಗಿದೆ ಎಂದು ತಿಳಿದೆ.

ಅವರು ಹೋದ ಮೇಲೆ ತಟ್ಟೆಯಲ್ಲಿದ್ದ ಹಳೇ ಐಸಿಯನ್ನು ತೆಗೆದು, ಕಾಲುಗಳನ್ನು ನೇರ ಮಾಡಿ, ಹೊಸದನ್ನು ಕಿತ್ತು, ಮತ್ತೆ ಅದರ ಜಾಗದಲ್ಲೇ ಬೆಸೆದೆ. ತಪ್ಪು ಅದರದ್ದಾಗಿರಲಿಲ್ಲ. ಸರಿಯಾಗಿ ಕೂತಿತೇ ಎಂದು ಮೀಟರಿನಲ್ಲಿ ನೋಡಿದೆ. ಆ ಸಂಜೆ ಹೆಂಡತಿ ಊಟಕ್ಕೆ ಕರೆಯಲು ಅಡುಗೆಮನೆಯಿಂದ ಕೂಗಲಿಲ್ಲ. ಮುಂದಿನ ಕೋಣೆಗೆ ಬಂದು, ನನ್ನೆದುರು ನಿಂತು, ಮುಖ ನೋಡಿ ಹೇಳಿದಳು. ಅಷ್ಟು ಸ್ಪಷ್ಟವಾಗಿ ಅವಳ ಮಾತು ಕೇಳಿ ಎಷ್ಟು ಕಾಲವಾಗಿತ್ತೋ.

ಶನಿವಾರ ಬೆಳಿಗ್ಗೆ ವಾಹನ ಬಂತು. ಕೂಡಿಡುವವರ ಕಡೆಯ ಇಬ್ಬರು ಆಳುಗಳು ಹೊರಗೆ ಹಗ್ಗ ಬಿಚ್ಚುತ್ತಿದ್ದಾಗ ನಾನು ಕೊನೆಯ ಸಲ ಪೆಟ್ಟಿಗೆಯ ಹಿಂಬಾಗಿಲು ತೆಗೆದು, ಎಡಗೈಯ ತೋರುಬೆರಳನ್ನು ಸ್ಪೀಕರಿನ ಕಾಗದದ ಮೇಲೆ ಇಟ್ಟು, ಬಲಗೈಯಿಂದ ಏಳು ಒತ್ತಿದೆ. ಬೆರಳ ತುದಿಗೆ ಜುಮ್ ಎಂದಿತು. ಇನ್ನೆರಡು ಸಲ ಜುಮ್ ಎಂದಿತು. ಆಮೇಲೆ ಪ್ಲಗ್ಗು ಕಿತ್ತು, ತಂತಿ ಸುತ್ತಿ ಒಳಗಿಟ್ಟೆ.

ಪೆಟ್ಟಿಗೆಯನ್ನು ಕಂಬಳಿ ಸುತ್ತಿ ಏರಿಸಿದರು. ಅಕ್ಕ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು, ಹೆಂಡತಿ ಅವರ ಪಕ್ಕದಲ್ಲಿ. ವಾಹನ ಹೊರಟಿತು. ನಾನು ರಸ್ತೆ ದಾಟಿ ಆಚೆ ಬದಿಗೆ, ಚಹಾದಂಗಡಿಯ ಮುಂದೆ, ಅವನು ನಿಲ್ಲುತ್ತಿದ್ದ ಜಾಗಕ್ಕೆ ಹೋದೆ. ಅಲ್ಲಿಂದ ನೋಡಿದರೆ ನನ್ನ ಅಂಗಡಿಯ ಒಳಗು ಪೂರ್ತಿ ಕಾಣುತ್ತದೆ, ನಾನು ತಲೆ ತಗ್ಗಿಸಿ ಕೂರುವ ಸ್ಟೂಲು ಕೂಡ. ವಾಹನ ತಿರುವು ದಾಟುವವರೆಗೂ ಎರಡೂ ಕೈ ಎತ್ತಿ ಬೀಸಿದೆ. ಜನ ನೋಡಿ ನಕ್ಕರು. ನಗಲಿ ಎಂದು ಇನ್ನೂ ಸ್ವಲ್ಪ ಹೊತ್ತು ಬೀಸುತ್ತಲೇ ಇದ್ದೆ.